ಏಳನೆಯ ಹಾಳೆಯ ಕಣ್ಣು

“ಆರು ಹಾಳೆ ಐತೆ, ಕಣ್ತುಂಬ ನೋಡಿ. ಏಳನೇದ್ನ ಮಾತ್ರ ಕೇಳ್ಬ್ಯಾಡಿ, ಮಾಪಿಳ್ಳೆ.”

ಪಿಚ್ಚೈಯಮ್ಮಾಳ್ ಹೀಗೆಂದಾಗ ಅಳಿಯ ರಂಗಸಾಮಿ ನಕ್ಕುಬಿಟ್ಟ. ಎದುರಿಗೆ ಕೂತವಳು ಹೆಂಡತಿಯ ದೊಡ್ಡವ್ವ, ತನಗೆ ಅತ್ತೆಯ ಸಮಾನ ಎಂಬುದನ್ನೂ ಮರೆತು, ಗೋಡೆಗೆ ಒರಗಿ ಜೋರಾಗಿ ನಕ್ಕ. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಕಮಲಮ್ಮಾಳ್ ಮೊರ ನಿಲ್ಲಿಸಿ ಒಳಗೆ ಇಣುಕಿದಳು. ಗಂಡನ ಆ ನಗು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಏನನ್ನಾದರೂ ಪಡೆಯದೆ ಬಿಡುವುದಿಲ್ಲವೆಂದು ಅವನು ಮನಸ್ಸು ಮಾಡಿದಾಗ ಬರುತ್ತಿದ್ದ ನಗು ಅದು.

“ಯಾಕತ್ತೆ? ಕೇಳಿದ್ರೆ ಹಾಳೆ ಕಚ್ಚುತ್ತಾ?”

“ಕಚ್ಚೋದಾಗಿದ್ರೆ ಮದ್ದು ಹಾಕ್ಬೋದಾಗಿತ್ತು,” ಎಂದಳು ಪಿಚ್ಚೈಯಮ್ಮಾಳ್. ಅವಳ ಮುಖದಲ್ಲಿ ನಗು ಇರಲಿಲ್ಲ.

ಆಗ ಚಿತ್ತಿರೆ ತಿಂಗಳು, ಬಿರುಬೇಸಿಗೆ. ಮೇಲೆ ಬೆಟ್ಟದಲ್ಲಿ ಪೆರಿಯಾರ್ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಕಣಿವೆಯ ಗಂಡಸರಲ್ಲಿ ಅರ್ಧ ಜನ ಅಲ್ಲಿ ಕಲ್ಲು ಹೊರುತ್ತಿದ್ದರು, ಉಳಿದರ್ಧ ಅಲ್ಲಿಂದ ಜ್ವರ ಹೊತ್ತು ಬಂದು ಮನೆಯಲ್ಲಿ ನಡುಗುತ್ತಿದ್ದರು. ರಂಗಸಾಮಿ ದಿಂಡಿಗಲ್ಲಿನವನು. ಮನೆಮಾತು ಇಲ್ಲಿಯವರಂತೆ ಕನ್ನಡವೇ ಆದರೂ ತಮಿಳುಸೀಮೆಯ ಈ ಕಂಬಂ ಕಣಿವೆಗೆ ಅವನು ಬಂದದ್ದು ಇದೇ ಮೊದಲು. ಅಮ್ಮಯನಾಯಕನೂರಿನಲ್ಲಿ ರೈಲು ಇಳಿದು, ಎರಡು ಹಗಲು ಗಾಡಿಯಲ್ಲಿ ಕುಲುಕಿ, ಓಡೈಪಟ್ಟಿಯ ಈ ಮನೆ ಸೇರಿದ್ದ. ಹೆಂಡತಿಯ ಕಡೆಯವರನ್ನು ನೋಡುವ ಆಸೆಯಿಂದ ಬಂದವನಲ್ಲ. ಅವಳ ಸೋದರಮಾವ ಬರೆದ ಚಿತ್ರಗಳನ್ನು ಹುಡುಕಿಕೊಂಡು ಬಂದಿದ್ದ.

ಮದುರೆಯ ಒಂದು ಕಲ್ಲಚ್ಚಿನ ಛಾಪಖಾನೆಯಲ್ಲಿ ಅವನಿಗೆ ಕೆಲಸ. ಬೇರೆ ಕಲಾವಿದರು ಬರೆದು ಕೊಟ್ಟದ್ದನ್ನು ಅಚ್ಚಿನ ಕಲ್ಲಿನ ಮೇಲೆ ಗೆರೆ ತಪ್ಪದಂತೆ ತಿದ್ದಿ ಇಳಿಸುವುದು. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದ. ದೇವರ ಪಟ, ಲಾವಣಿ ಪುಸ್ತಕದ ಚಿತ್ರ, ಚೌಕ ಚೌಕವಾಗಿ ಒಂದಾದ ಮೇಲೊಂದು ಕತೆ ಹೇಳುವ ಕೊಲೆ-ದರೋಡೆಯ ಚಿತ್ರಹಾಳೆ, ಎಲ್ಲವೂ ಅವನ ಕೈ ದಾಟಿಯೇ ಸಂತೆಗೆ ಹೋಗುತ್ತಿದ್ದವು. ಅಚ್ಚಾದ ಮೇಲೆ ಎಲ್ಲರೂ ಎಸೆದುಬಿಡುವ ಮೂಲಚಿತ್ರಗಳನ್ನು ಅವನು ಹೆಕ್ಕಿ ಮನೆಗೆ ತರುತ್ತಿದ್ದ. ಬೇವಿನ ಸೊಪ್ಪಿಟ್ಟು, ಬಟ್ಟೆಯ ನಡುವೆ ಮಡಿಸಿ, ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಕೊಡೈಕಾನಲ್ಲಿನಿಂದ ಸೀಮೆಗೆ ಹೊರಟ ದೊರೆಯೊಬ್ಬನ ಮನೆಯ ಕಸದಲ್ಲಿ ಸಿಕ್ಕಿದ, ಆರು ಚೌಕದ ನಗೆಚಿತ್ರವೊಂದರ ಪೆನ್ಸಿಲ್ ಮೂಲವೂ ಅದರಲ್ಲಿತ್ತು.

“ಅಚ್ಚಿನಲ್ಲಿ ಗೆರೆ ಕಾಣುತ್ತೆ, ಮೂಲದಲ್ಲಿ ಕೈ ಕಾಣುತ್ತೆ,” ಎಂದು ಅವನು ಕಮಲಮ್ಮಾಳಿಗೆ ಎಷ್ಟೋ ಸಲ ಹೇಳಿದ್ದ. ಅಳಿಸಿದ ಇದ್ದಿಲಿನ ನೆರಳು, ತಪ್ಪಿದ ಕಡೆ ಬಳಿದ ಬಿಳಿ, ಹಾಳೆಯ ಅಂಚಿನಲ್ಲಿ ಬರೆದವನ ಹೆಬ್ಬೆಟ್ಟಿನ ಮಸಿ. ಅವನ್ನೆಲ್ಲ ದೀಪಕ್ಕೆ ಹಿಡಿದು ನೋಡುವಾಗ ಅವನ ಮುಖ ಕೂಸನ್ನು ನೋಡುವವನ ಮುಖದಂತಾಗುತ್ತಿತ್ತು. ಆಮೇಲೆ ಯಾಕೋ ಒಮ್ಮೆಲೇ ಕಪ್ಪಿಡುತ್ತಿತ್ತು. ಅಷ್ಟೂ ಗೆರೆಗಳಲ್ಲಿ ಒಂದೂ ತನ್ನದಲ್ಲ. ಹದಿನಾಲ್ಕು ವರ್ಷದಲ್ಲಿ ತನ್ನದೆಂಬ ಒಂದು ಗೆರೆಯನ್ನೂ ಅವನು ಬರೆದಿರಲಿಲ್ಲ.

ಈಗ ಪಿಚ್ಚೈಯಮ್ಮಾಳ್ ಚಾಪೆಯ ಮೇಲೆ ಹರಡಿದ ಆರು ಹಾಳೆಗಳನ್ನು ನೋಡುತ್ತಿದ್ದಂತೆ ಅವನು ಮೊಣಕಾಲೂರಿ ಹತ್ತಿರಕ್ಕೆ ಬಾಗಿದ. ಒಂದೊಂದು ಹಾಳೆಯಲ್ಲೂ ನಾಲ್ಕು ಚೌಕ. ಒಂದೊಂದು ಹಾಳೆಯೂ ಒಂದು ಸಾವು. ಮೊದಲನೆಯದರಲ್ಲಿ ಒಬ್ಬ ಮುದುಕ ಹೋರಿಗೆ ಹುಲ್ಲು ಹಾಕುತ್ತಿದ್ದಾನೆ. ಎರಡನೆಯ ಚೌಕದಲ್ಲಿ ಬೇಲಿಯಾಚೆ ಒಬ್ಬ ಎತ್ತರದ ಆಳು, ಹೆಗಲ ಮೇಲೆ ಮೊನೆ ಬಾಗಿದ ಉದ್ದನೆಯ ಮಚ್ಚು, ಅರಿವಾಳು; ಬಿಚ್ಚಿದ ಜಡೆ. ಮೂರನೆಯದರಲ್ಲಿ ಆ ಆಳು ಹೋರಿಯ ಕಿವಿಯಲ್ಲಿ ಏನೋ ಉಸುರುತ್ತಿದ್ದಾನೆ. ನಾಲ್ಕನೆಯದರಲ್ಲಿ ಮುದುಕನ ಹೊಟ್ಟೆಯೊಳಗೆ ಕೊಂಬು ಬುಡದವರೆಗೂ ಹೂತಿದೆ. ಮುಂದಿನ ಹಾಳೆಯಲ್ಲಿ ಬಾವಿ. ಅದರಾಚೆಯದರಲ್ಲಿ ಎಣ್ಣೆಯ ಗಾಣ, ಗಾಣದೊಳಗೆ ಒಂದು ತೋಳು. ಎಲ್ಲದರಲ್ಲೂ ಅದೇ ಆಳು, ಅದೇ ಅರಳಿದ ಕಣ್ಣು. ಇಂಥ ಕೈಯನ್ನು ರಂಗಸಾಮಿ ಮದುರೆಯಲ್ಲೂ ಕಂಡಿರಲಿಲ್ಲ. ಗೆರೆ ಎಲ್ಲೂ ಎರಡು ಮನಸ್ಸಾಗಿರಲಿಲ್ಲ.

“ಮಸಿ ಯಾವುದತ್ತೆ? ಇಷ್ಟು ಕಪ್ಪು...”

“ಹೆಣ ಸುಟ್ಟ ಕರಿ,” ಎಂದಳು ಅವಳು. “ಮುತ್ತಮ್ಮಾಳ್ದು. ನನ್ ತಮ್ಮನ ಹೆಂಡ್ರು.”

ಪಿಚ್ಚೈಯಮ್ಮಾಳಿಗೆ ಐವತ್ತು ದಾಟಿತ್ತು. ಒಬ್ಬಳೇ ನಲವತ್ತು ದನ ಸಾಕಿ, ಸಂತೆಗೆ ತಾನೇ ಹೋರಿ ಹೊಡೆದುಕೊಂಡು ಹೋಗಿ ವ್ಯಾಪಾರ ಮಾಡುವ ಗಟ್ಟಿ ಹೆಂಗಸು. ಅವಳು ಕತೆಯನ್ನು ದನದ ರೋಗ ಹೇಳುವಂತೆ ಚುಟುಕಾಗಿ ಹೇಳಿದಳು. ಅಯ್ಯಾವು ಎಂಬವನ ಮನೆಯವರು ಕಾಲುವೆ ನೀರಿನ ಜಗಳದಲ್ಲಿ ಮುತ್ತಮ್ಮಾಳನ್ನು ಗುದ್ದಲಿಯಿಂದ ಹೊಡೆದು ಗದ್ದೆಯ ಕೆಸರಿನಲ್ಲಿ ತುಳಿದು ಹಾಕಿದರು. ಅವಳ ಗಂಡ ಮೂಕಯ್ಯ ಗುಡಿಗಳ ಗೋಡೆಗೆ ಚಿತ್ರ ಬರೆಯುವವನು. ಅವನು ಬೆಟ್ಟದ ಅಡಿಯ ಮಂತ್ರವಾದಿಯ ಹತ್ತಿರ ನಲವತ್ತೊಂದು ದಿನ ಇದ್ದು ಬಂದ. ಬಂದವನು ಬಾಗಿಲು ಹಾಕಿಕೊಂಡು ಬರೆಯತೊಡಗಿದ. ಒಂದು ಹಾಳೆ ಮುಗಿದರೆ ಅಯ್ಯಾವು ಮನೆಯಲ್ಲಿ ಒಂದು ಹೆಣ. ಬರೆದ ಹಾಗೆಯೇ, ಚೌಕ ಚೌಕವಾಗಿ.

“ಆ ಆಳು ಯಾರು?”

“ಏವಲು. ಮಾಟ ಮಾಡಿ ಕಳಿಸೋದು. ಕಣ್ಣು ಬರ್ಯೋಗಂಟ ಅದು ಬರೀ ಮಸಿ. ಕಣ್ಣು ಬರೆದ್ರೆ ಎದ್ದು ಬತ್ತದೆ. ಅದ್ಕೇ ಮೂಕಯ್ಯ ಚಿತ್ರಕ್ಕೆ ಬೆನ್ ಹಾಕಿ, ಕನ್ನಡೀಲಿ ನೋಡ್ಕಂಡು ಕಣ್ಣು ಬರೀತಿದ್ದ. ಚಿತ್ರದ ಎದುರ್ಗೆ ಒಂದು ಕೋಳಿ ಕಟ್ಟಿರ್ತಿದ್ದ. ಮೊದಲ್ನೇ ನೋಟ ಕೋಳಿ ಮ್ಯಾಲೆ ಬಿದ್ರೆ ಸರಿ, ಹೇಳಿದ ಕಡೆ ಹೋಗ್ತದೆ. ಬರೆದೋನ ಮುಖದ ಮ್ಯಾಲೆ ಬಿದ್ರೆ ಅವನ್ನೇ ಏರ್ತದೆ.”

“ಏಳನೆಯದು ಯಾರಿಗೆ ಬರೆದದ್ದು?”

“ಅಯ್ಯಾವು ಕಿರೀ ಸೊಸೆ ಮುತ್ತುಲಕ್ಷ್ಮಿಗೆ. ಏಳು ತಿಂಗಳ ಬಸುರಿ, ಪಾವಂ. ಅವಳೇನ್ ಮಾಡಿದ್ಲು? ಕಣ್ಣು ಬರ್ಯೋಕೆ ಕುಂತಿದ್ದ. ನಾನು ಒನಕೆ ತಗಂಡ್ ಹೋಗಿ ಅವನ ಬಲಗೈ ಮುರ್ದೆ. ಐದು ಬೆರಳೂ. ಅವತ್ತು ಮನೆ ಬಿಟ್ಟೋನು ತಿರುಗಿ ಬರ್ಲಿಲ್ಲ.”

ಅಂಗಳದಲ್ಲಿ ಮೊರದ ಸದ್ದು ನಿಂತುಹೋಗಿತ್ತು.

“ಈ ಆರು ಹಾಳೆ ಬಲಿ ತಿಂದಾಗೈತೆ. ಹಾವು ಬಿಟ್ ಹೋದ ಪೊರೆ ಇದ್ದಂಗೆ. ಬೇಕಾದ್ರೆ ನೀವೇ ತಗಂಡ್ ಹೋಗಿ. ಏಳನೇದು ಹಸ್ದೈತೆ. ಕಣ್ಣಿಲ್ದೆ ಸುಟ್ರೆ ಕುರುಡಾಗಿ ಹೊರಗ್ ಬಿದ್ದು ಸಿಕ್ಕಿದೋರ್ನ ಹಿಡೀತದಂತೆ. ಇಟ್ಕಂಡಿದೀನಿ. ಇದ್ದಲ್ಲೇ ಇರ್ಲಿ.”

ರಂಗಸಾಮಿ ತಲೆಯಾಡಿಸಿದ. ಆರೂ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಆದರೆ ಅವನ ಮನಸ್ಸು ಚಾಪೆಯ ಮೇಲೆ ಖಾಲಿ ಉಳಿದ ಜಾಗದಲ್ಲೇ ಇತ್ತು. ಇಪ್ಪತ್ತನಾಲ್ಕು ಚೌಕ ಕೈಗೆ ಬಂದವನಿಗೆ ಬಾರದ ನಾಲ್ಕು ಚೌಕದ ಚಿಂತೆ. ಕತೆ ತುದಿ ಮುಟ್ಟದ ಮೂಲವನ್ನು ಮನೆಯಲ್ಲಿಟ್ಟುಕೊಂಡು ಅವನು ಹೇಗೆ ನಿದ್ದೆ ಮಾಡಿಯಾನು?

“ಬ್ಯಾಡ ನೋಡಿ,” ಎಂದಳು ಕಮಲಮ್ಮಾಳ್, ಊಟ ಬಡಿಸುತ್ತಾ, ಮೆಲ್ಲಗೆ. “ಕೊಟ್ಟದ್ದು ಸಾಕು. ನಾಳೆ ಹೊರಡಾಣ.”

“ನಿಮ್ಮೂರಿನವರಿಗೆ ಗುಡುಗಿದರೂ ಏವಲು, ಕೆಮ್ಮಿದರೂ ಏವಲು,” ಎಂದ ಅವನು. “ಹೋರಿ ತಿವಿಯೋದು ಎಲ್ಲೂ ಇಲ್ಲದ್ದಾ? ಬಾವಿಗೆ ಬಿದ್ದು ಯಾರೂ ಸತ್ತಿಲ್ಲವಾ? ಸತ್ತ ಮೇಲೆ ಬರೆದು, ಮೊದಲೇ ಬರೆದೆ ಅಂದಿರ್ತಾನೆ ನಿಮ್ಮ ಮಾವ. ಆದರೆ ಕೈ ಮಾತ್ರ ದೊಡ್ಡದು.”

ಎರಡು ದಿನ ಅವನು ಹೊರಡುವ ಮಾತೆತ್ತಲಿಲ್ಲ. ಮನೆಯ ಮೂಲೆ ಮೂಲೆಯನ್ನೂ ಮೂಸಿದ. ಮೂರನೆಯ ದಿನ ಹೊತ್ತು ನೆತ್ತಿಗೆ ಏರುತ್ತಿದ್ದಾಗ ಪಿಚ್ಚೈಯಮ್ಮಾಳ್ ದನಗಳಿಗೆ ನೀರು ಕುಡಿಸಲು ಕೆರೆಯ ಕಡೆ ಹೋದಳು. ಕಮಲಮ್ಮಾಳ್ ಅಂಗಳದ ಒರಳಿನಲ್ಲಿ ರಾಗಿ ಕುಟ್ಟುತ್ತಿದ್ದಳು. ರಂಗಸಾಮಿ ಕಣಜದ ಕೋಣೆಗೆ ನುಗ್ಗಿದ.

ಕಿಟಕಿಯಿಲ್ಲದ ಕೋಣೆ. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ಬಾವಿಯ ತಳದ ಕತ್ತಲೆ. ರಾಗಿ ತೌಡಿನ ಘಾಟು, ಇಲಿಯ ಉಚ್ಚೆ, ಒಣಬೇವು, ಇವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ, ಕೂದಲು ಸುಟ್ಟಂಥದು. ಹರಳೆಣ್ಣೆಯ ದೀಪ ಹಚ್ಚಿ ನೆಲಕ್ಕಿಟ್ಟ. ಸಾಲಾಗಿ ಜೋಡಿಸಿದ ಗುಡಾಣಗಳಲ್ಲಿ ಎಲ್ಲಕ್ಕೂ ಹಿಂದಿನದನ್ನು ಮುಟ್ಟಿದ. ಉಳಿದವಕ್ಕೆ ಮಣ್ಣಿನ ಮುಚ್ಚಳ. ಇದಕ್ಕೆ ಬೀಸುವ ಕಲ್ಲು. ಕಲ್ಲನ್ನು ಎತ್ತಿ ಇಳಿಸಿ, ಮೊಣಕೈವರೆಗೆ ಕಾಳಿನೊಳಗೆ ಕೈ ಹಾಕಿದ. ಕಾಳು ತಣ್ಣಗಿತ್ತು. ಆ ಸೆಕೆಯಲ್ಲಿ ಅಷ್ಟು ತಣ್ಣಗಿರಬಾರದಿತ್ತು. ಬೆರಳಿಗೆ ಬಟ್ಟೆ ತಾಕಿತು.

ಕರೀ ಬಟ್ಟೆ ಬಿಚ್ಚಿ ಹಾಳೆಯನ್ನು ದೀಪದ ಹತ್ತಿರ ಹಿಡಿದ.

ಆರನ್ನೂ ಮೀರಿಸಿತ್ತು ಏಳನೆಯದು. ಮೊದಲ ಚೌಕದಲ್ಲಿ ಒರಳಿನ ಮುಂದೆ ಒನಕೆ ಹಿಡಿದ ಹೆಣ್ಣು, ಬೇಲಿಯಾಚೆ ಆಳು. ಎರಡನೆಯದರಲ್ಲಿ ಆಳು ಅಂಗಳದಲ್ಲಿದ್ದಾನೆ. ಮೂರನೆಯದರಲ್ಲಿ ಹೊಸ್ತಿಲಲ್ಲಿ ನಿಂತಿದ್ದಾನೆ, ಹೆಣ್ಣು ತಿರುಗುತ್ತಿದ್ದಾಳೆ. ನಾಲ್ಕನೆಯದರಲ್ಲಿ ಹೆಣ್ಣು ಬಿದ್ದಿದ್ದಾಳೆ, ಆಳು ಅವಳ ಮೇಲೆ ಬಾಗಿ, ತಲೆ ಮಾತ್ರ ಮೇಲೆತ್ತಿ, ಹಾಳೆಯಿಂದಾಚೆಗೆ, ನೋಡುವವನ ಕಡೆಗೇ ಮುಖ ಮಾಡಿದ್ದಾನೆ. ಮೂಗಿದೆ, ಬಾಯಿದೆ, ಬಾಯಲ್ಲಿ ಹಲ್ಲಿನ ಸಾಲಿದೆ. ಕಣ್ಣಿನ ಜಾಗದಲ್ಲಿ ಬೋಳು ಕಾಗದ.

ಕಣ್ಣಿನ ಹತ್ತಿರ ಒಂದು ಮಸಿಯ ಗೀರು ಓರೆಯಾಗಿ ಹಾರಿತ್ತು. ಒನಕೆ ಬಿದ್ದ ಗಳಿಗೆಯ ಗೀರು. ರಂಗಸಾಮಿ ಅದನ್ನು ಬೆರಳಿನಿಂದ ಸವರಿದ. ಅವನ ಎದೆಯಲ್ಲಿ ಏನೋ ಬಾಯಿ ತೆರೆಯಿತು. ಎಂಟು ಕಣ್ಣು. ಎಂಟು ಚಿಕ್ಕ ಗೆರೆ, ಎಂಟು ಚುಕ್ಕೆ. ಅಷ್ಟಾದರೆ ಕತೆ ತುಂಬುತ್ತದೆ. ಇಂಥ ಕೈಯ ಪಕ್ಕದಲ್ಲಿ ತನ್ನ ಕೈ. ಮುಂದೆ ಯಾರು ನೋಡಿದರೂ ಮೊದಲು ನೋಡುವುದು ಕಣ್ಣನ್ನೇ ಅಲ್ಲವೇ? ಮೂಲಕ್ಕೆ ಗೆರೆ ಸೇರಿಸುವವನು ಕಳ್ಳನಿಗಿಂತ ಕೀಳು ಎಂದು ಛಾಪಖಾನೆಯಲ್ಲಿ ಬೈದಾಡುತ್ತಿದ್ದವನೇ ಅವನು. ಈಗ ಅದು ನೆನಪಾಗಲಿಲ್ಲ, ಅಥವಾ ನೆನಪಾದದ್ದನ್ನು ಅವನು ಬದಿಗೊತ್ತಿದ. ಸೊಂಟದ ಚೀಲದಿಂದ ಅಳಿಲಿನ ಕೂದಲ ಕುಂಚ ತೆಗೆದ. ಮಸಿ ತೇಯ್ದ. ಕನ್ನಡಿ ಯಾಕೆ? ಅವನು ಹಾಳೆಯ ಮುಂದೆ ನೇರವಾಗಿ, ಮುಖಕ್ಕೆ ಮುಖ ಕೊಟ್ಟು ಕೂತ.

ಮೊದಲ ಚೌಕದ ಕಣ್ಣು ಬರೆದ.

ಅಂಗಳದಲ್ಲಿ ಕೋಳಿಗಳು ಒಟ್ಟಿಗೆ ಕಿರುಚಿದವು. ಆಮೇಲೆ ಒಟ್ಟಿಗೇ ಸುಮ್ಮನಾದವು.

“ಏನಂದ್ರೆ!” ಕಮಲಮ್ಮಾಳಿನ ದನಿ ಒಡೆದಿತ್ತು. “ಕೋಳಿ... ಎಲ್ಲಾ ಕೋಳೀದೂ ಕತ್ತು ಹಿಂದು ಮುಂದಾಗೈತೆ! ಬನ್ನಿ ಇಲ್ಲಿ!”

“ನಾಯಿ ಬಂದಿರ್ಬೇಕು,” ಎಂದು ಅವನು ಕೂತಲ್ಲಿಂದಲೇ ಕೂಗಿದ. ಹಣೆಯಿಂದ ಬೆವರು ಇಳಿಯಿತು. ಅದು ಹಾಳೆಗೆ ಬೀಳದಂತೆ ತೋಳಿನಿಂದ ಒರೆಸಿಕೊಂಡ. ಅವನಿಗಿದ್ದ ಭಯ ಅದೊಂದೇ.

ಎರಡನೆಯ ಚೌಕ. ಕುಂಚ ಕಾಗದಕ್ಕೆ ತಾಕಿದ ಕೂಡಲೇ ಕೊಟ್ಟಿಗೆಯಲ್ಲಿ ಕಟ್ಟಿದ್ದ ಕರು ಮನುಷ್ಯರಂತೆ ಅತ್ತಿತು. ಹಗ್ಗ ಬಿಗಿಯುವ ಸದ್ದು. ಎಲುಬು ಮುರಿಯುವ ಸದ್ದು. ಹಸೀ ನೆತ್ತರಿನ ಬಿಸಿ ವಾಸನೆ ಬಾಗಿಲಿನ ಸಂದಿನಿಂದ ಒಳಗೆ ಬಂತು. ಕಮಲಮ್ಮಾಳ್ ಕಿರುಚುತ್ತಿದ್ದಳು. ಏಳಬೇಕೆಂದುಕೊಂಡ. ಕಾಲು ಏಳಲಿಲ್ಲ. ಕುಂಚ ಕೆಳಗಿಡಬೇಕೆಂದುಕೊಂಡ. ಮಣಿಕಟ್ಟು ತಾನಾಗಿ ಮಸಿಯ ಚಿಪ್ಪಿನ ಕಡೆಗೆ ಹೋಗಿ, ಅದ್ದಿಕೊಂಡು, ಮತ್ತೆ ಹಾಳೆಗೆ ಬಂತು.

ಮೂರನೆಯ ಚೌಕ.

ದೀಪದ ಕುಡಿ ಸೂಜಿಯಂತೆ ನೆಟ್ಟಗೆ ನಿಂತಿತು. ಯಾರೋ ಉಸಿರಾಡುತ್ತಿದ್ದರು. ಹೊಸ್ತಿಲಲ್ಲಿ. ನಿಧಾನವಾಗಿ, ಬಹು ದೂರ ನಡೆದು ಬಂದವರ ಹಾಗೆ. ಸುಟ್ಟ ಕೂದಲ ನಾತ ಗಂಟಲಿಗೆ ಇಳಿಯಿತು. ಕತ್ತು ತಿರುಗಿಸಲಾಗಲಿಲ್ಲ. ಕಣ್ಣು ಮುಚ್ಚಲಾಗಲಿಲ್ಲ. ಬೇಡ, ಎಂದ ರಂಗಸಾಮಿ. ಬಾಯಿಂದ ಸದ್ದು ಬರಲಿಲ್ಲ. ಬೇಡ, ಬೇಡ.

ಕೈ ಬರೆಯಿತು.

ನಾಲ್ಕನೆಯ ಚೌಕದ ಎಡಗಣ್ಣು. ಬಲಗಣ್ಣು. ಕೊನೆಯ ಚುಕ್ಕೆ.

ಅದು ಅವನನ್ನು ನೋಡಿತು.

ದೀಪ ಆರಿತು. ಹೆಗಲ ಮೇಲೆ ಭಾರ ಬಿತ್ತು. ನೂರು ಮಣದ ಭಾರ. ಬೆನ್ನಿನ ಮೂಳೆಗಳ ನಡುವೆ ಯಾರೋ ಬೆರಳು ತೂರಿಸಿ ಏಣಿ ಹತ್ತಿದಂತೆ ಹತ್ತಿದರು. ಕಿವಿಯೊಳಗೆ ಉಸಿರು. ಕಣ್ಣಿನ ಹಿಂದೆ ಕಣ್ಣು. ಅವನು ಎದ್ದ. ಎದ್ದದ್ದು ಅವನೇ. ತೊಲೆಗೆ ಸಿಕ್ಕಿಸಿದ್ದ ಅರಿವಾಳಿನ ಹಿಡಿ ಅಂಗೈಗೆ ಬಂತು. ಕತ್ತಲಲ್ಲೂ ಎಲ್ಲಿದೆಯೆಂದು ಕೈಗೆ ಗೊತ್ತಿತ್ತು. ಬಾಗಿಲು ಒದ್ದ. ಬಿಸಿಲು. ಬಿಳೀ ಬೆಂಕಿಯಂಥ ಬಿಸಿಲು. ಅಂಗಳದ ತುಂಬ ರೆಕ್ಕೆ, ನೆತ್ತರು. ಒರಳಿನ ಹತ್ತಿರ ಒಂದು ಹೆಣ್ಣು, ಬೆನ್ನು ಮಾಡಿ ನಿಂತಿದ್ದಾಳೆ. ಸತ್ತ ಕರುವನ್ನು ನೋಡುತ್ತಿದ್ದಾಳೆ.

ಅವಳು ತಿರುಗಿದಳು.

“ಏನಂದ್ರೆ?” ಎಂದಳು. ಆಮೇಲೆ ಅವನ ಮುಖ ನೋಡಿದಳು. ಅವಳ ಬಾಯಿ ತೆರೆದೇ ಉಳಿಯಿತು.

ಆ ಗಳಿಗೆಯಲ್ಲಿ ರಂಗಸಾಮಿಗೆ ಭಯವಿರಲಿಲ್ಲ. ಅವನು ಮುಂದೆ ಎಷ್ಟು ಸಲ ನೆನೆದರೂ ಇದೊಂದನ್ನು ಅಲ್ಲಗಳೆಯಲಾರದೆ ಹೋದ. ಕೈ ಹಗುರವಾಗಿತ್ತು. ಹದಿನಾಲ್ಕು ವರ್ಷ ಬೇರೆಯವರ ಗೆರೆಯ ಮೇಲೆ ತೆವಳಿದ ಕೈ, ಈಗ ಯಾರನ್ನೂ ಕೇಳದೆ, ತನ್ನದೇ ದಾರಿಯಲ್ಲಿ ಮೇಲೆದ್ದಿತು.

“ಓಡು ಕಮಲಾ!”

ಪಿಚ್ಚೈಯಮ್ಮಾಳ್. ಕೋಳಿಗಳ ಕೂಗು ಕೇಳಿ ಕೆರೆಯ ದಾರಿಯಿಂದ ಓಡಿ ಬಂದಿದ್ದಳು. ಒರಳಿನಿಂದ ಒನಕೆ ಕಿತ್ತುಕೊಂಡು ಇಬ್ಬರ ನಡುವೆ ನುಗ್ಗಿದಳು. “ಅಡ ಪಾವೀ! ಕಣ್ಣು ಬರೆದ್ಯಾ? ಬರೆದ್ಬಿಟ್ಯಾ?” ಒನಕೆ ಬೀಸಿದಳು. ಅವನ ಬಲ ಮಣಿಕಟ್ಟು ಕಬ್ಬಿನ ಜಲ್ಲೆಯಂತೆ ಲಟಕ್ಕೆಂದಿತು. ಮೂಳೆಯ ತುದಿ ತೊಗಲನ್ನು ಹರಿದು ಹೊರಬಂತು. ನೋವಾಗಲಿಲ್ಲ. ಅರಿವಾಳು ಎಡಗೈಗೆ ಹಾರಿತು.

ಮೊದಲ ಏಟು ಅವಳ ಹೆಗಲಿಗೆ. ಅವಳು ಬೀಳಲಿಲ್ಲ. ಕಮಲಮ್ಮಾಳನ್ನು ಬೆನ್ನಿನಿಂದ ಒರಳಿನ ಹಿಂದಕ್ಕೆ ತಳ್ಳುತ್ತಲೇ ಮತ್ತೆ ಒನಕೆ ಎತ್ತಿದಳು. ಎರಡನೆಯ ಏಟು ಎತ್ತಿದ ಕೈಗೆ. ಬೆರಳುಗಳು ಒನಕೆಯನ್ನು ಹಿಡಿದುಕೊಂಡೇ ನೆಲಕ್ಕೆ ಬಿದ್ದವು. ಆಗಲೂ ಅವಳು ಸರಿಯಲಿಲ್ಲ. ಉಳಿದ ಕೈಯಿಂದ ಅವನ ಮುಖ ಹಿಡಿದು, ಹೆಬ್ಬೆಟ್ಟನ್ನು ಕಣ್ಣಿಗೆ ಒತ್ತಿದಳು. ಮೂರನೆಯ ಏಟು ಕತ್ತಿಗೆ.

ನೆತ್ತರು ಅವನ ಬಾಯೊಳಗೆ ಬಿತ್ತು. ಉಪ್ಪು. ಬಿಸಿ.

ಭಾರ ಇಳಿಯಿತು. ಬಂದಂತೆಯೇ, ಒಂದೊಂದು ಮೂಳೆ ಬಿಟ್ಟು ಇಳಿದು ಹೋಯಿತು. ನಾತವೂ ಹೋಯಿತು. ಬಲಗೈಯ ನೋವು ಒಮ್ಮೆಗೇ ಸಿಡಿದು ಅವನು ಕವುಚಿ ಬಿದ್ದ. ಪಕ್ಕದಲ್ಲಿ ಪಿಚ್ಚೈಯಮ್ಮಾಳಿನ ಕಾಲು ಇನ್ನೂ ನೆಲ ಕೆರೆಯುತ್ತಿತ್ತು. ಒರಳಿನ ಹಿಂದೆ ಕಮಲಮ್ಮಾಳ್ ಅಳದೆ, ಅಲುಗದೆ, ನೆತ್ತರಿನಲ್ಲಿ ನೆಂದು ಕೂತಿದ್ದಳು.

ಊರಿನವರು ಅವನನ್ನು ಹೊಡೆಯಲಿಲ್ಲ, ಮುಟ್ಟಲೂ ಇಲ್ಲ. ಕೋಳಿಗಳ ಕತ್ತು ನೋಡಿದರು, ಕರುವನ್ನು ನೋಡಿದರು, ಕಣಜದ ಕೋಣೆಯಲ್ಲಿ ಬಿದ್ದ ಕರೀ ಬಟ್ಟೆ ನೋಡಿದರು. ದೂರ ಸರಿದು ನಿಂತರು. ಉತ್ತಮಪಾಳಯದಿಂದ ಪೊಲೀಸಿನವರು ಬಂದು ಕೇಳಿದಾಗ ಒಬ್ಬನೂ ಬಾಯಿ ಬಿಡಲಿಲ್ಲ. “ನಾವ್ ಕಾಣೆವು ಸಾಮಿ, ಕಾಡಿಗೆ ಹೋಗಿದ್ವು,” ಎಂದರು. ಏವಲಿನ ಹೆಸರೆತ್ತಿ ಅದನ್ನು ತಮ್ಮ ಮನೆಗೆ ಕರೆದುಕೊಳ್ಳುವವರು ಯಾರು? ಕಮಲಮ್ಮಾಳಂತೂ ಮಾತೇ ಆಡಲಿಲ್ಲ. ನೆತ್ತರು ಮೆತ್ತಿದ್ದ ರಂಗಸಾಮಿಯನ್ನು ಕಟ್ಟಿ ಒಯ್ದರು.

ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಅವನು ಠಾಣೆಯ ಕಂಬಿಯ ಹಿಂದೆ ಹದಿನೆಂಟು ದಿನ ಕಳೆದ. ಮದುರೆಯಿಂದ ಬಂದ ವಕೀಲ ಕೇಳಿ ಬರೆದುಕೊಂಡು ಹೇಳಿದ್ದು ಒಂದೇ ಮಾತು: “ನೋಡಿದವಳು ನಿನ್ನ ಹೆಂಡತಿ ಒಬ್ಬಳೇ. ಯಾರೋ ಹೊರಗಿನವನು ಬಂದು ಕಡಿದ, ಬಿಡಿಸಲು ಹೋದ ನಿನ್ನ ಕೈ ಮುರಿದ ಎಂದು ಅವಳು ಹೇಳಿದರೆ ನೀನು ಮನೆಗೆ. ಹೇಳದಿದ್ದರೆ ಹಗ್ಗ.”

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಕಮಲಮ್ಮಾಳ್ ಬಂದಳು. ಕಂಬಿಯ ಆಚೆ ಕೂತು ತಂದಿದ್ದ ಮುದ್ದೆಯನ್ನು ಎಲೆಯಲ್ಲಿ ಒಳಗೆ ಸರಿಸಿದಳು. ಅವಳ ಮುಖ ಇಳಿದಿತ್ತು. ಆದರೆ ದನಿ ಗಟ್ಟಿಯಾಗಿತ್ತು.

“ನಾಳೆ ಹೇಳ್ತೀನಿ,” ಎಂದಳು. “ಎತ್ತರದ ಆಳು ಬಂದ, ಕಡಿದು ಹೋದ ಅಂತ. ಅದೇನ್ ಸುಳ್ಳಲ್ಲ. ನಿಮ್ ಕೈ ಅಲ್ಲ ಅದು. ನಂಗೊತ್ತು.”

ರಂಗಸಾಮಿ ಕಂಬಿಗೆ ಹಣೆ ಇಟ್ಟು ಅತ್ತುಬಿಟ್ಟ. ಅವಳೂ ಅತ್ತಳು. ಸೆರಗಿನ ತುದಿಯನ್ನು ಕಂಬಿಯೊಳಗೆ ತೂರಿಸಿ ಅವನ ಕಣ್ಣೊರೆಸಿದಳು.

“ದೊಡ್ಡವ್ವನ್ದು ಎಲ್ಲಾ ಕಾರ್ಯ ಮುಗೀತು. ಹದಿನಾರನೇ ದಿನ ಆದ್ಮ್ಯಾಕೆ ಆ ಹಾಳೆಗಳ್ನ ಸುಟ್ಟಾಕ್ದೆ. ಬಲಿ ತಿಂದ್ರೆ ಬರೀ ಪೊರೆ ಅಂತ ಅವಳೇ ಹೇಳಿದ್ಲಲ್ಲ. ಇನ್ ಯಾರಿಗೂ ಅದರ ಕಾಟ ಬ್ಯಾಡ.”

ಅವನು ತಲೆಯೆತ್ತಿದ. “ಹಾಳೆ ಅಂದರೆ... ಯಾವುದು?”

“ಎಲ್ಲಾ. ಏಳೂ.”

“ಏಳನೇದೂ?”

“ಅದ್ನೇ ಮೊದ್ಲು.”

ಅವನ ಎಡಗೈ ಕಂಬಿಯ ಸಂದಿನಿಂದ ಹಾರಿ ಅವಳ ಗಂಟಲು ಹಿಡಿಯಿತು. ಅವಳ ತಲೆಯನ್ನು ಕಬ್ಬಿಣಕ್ಕೆ ಎಳೆದು ಅಪ್ಪಳಿಸಿದ. ಒಮ್ಮೆ. ಇನ್ನೊಮ್ಮೆ. ಹಣೆ ಒಡೆದು ನೆತ್ತರು ಮೂಗಿನ ಮೇಲೆ ಇಳಿಯಿತು. “ಮೂಲ ಕಣೇ ಅದು!” ಅವನ ಕೂಗಿಗೆ ಠಾಣೆಯ ಗೋಡೆ ಅದುರಿತು. “ಜಗತ್ತಿನಲ್ಲಿ ಅದೊಂದೇ ಇದ್ದದ್ದು! ಅದರಲ್ಲಿ ನನ್ನ ಗೆರೆ ಇತ್ತು! ನನ್ನ ಗೆರೆ ಸುಟ್ಟೆಯಾ? ನನ್ನ ಗೆರೆ!”

ಕಮಲಮ್ಮಾಳ್ ಬಿಡಿಸಿಕೊಳ್ಳಲು ಹೆಣಗಲಿಲ್ಲ. ಉಸಿರು ಕಟ್ಟಿ ಮುಖ ಕಪ್ಪಾಗುತ್ತಿದ್ದರೂ, ಒಂದು ಗೇಣು ದೂರದಿಂದ ಅವನ ಕಣ್ಣನ್ನೇ ನೋಡುತ್ತಿದ್ದಳು. ಬಹಳ ಹೊತ್ತು ಹುಡುಕುತ್ತಿದ್ದ ವಸ್ತು ಸಿಕ್ಕಿದವಳಂತೆ ನೋಡುತ್ತಿದ್ದಳು.

ಪೊಲೀಸಿನವನು ಲಾಠಿಯಿಂದ ಮೊಣಕೈಗೆ ನಾಲ್ಕು ಬಿಗಿದ ಮೇಲೆ ಕೈ ಸಡಿಲವಾಯಿತು. ಅವಳು ಹಿಂದಕ್ಕೆ ಬಿದ್ದು, ಕೆಮ್ಮಿ, ಎದ್ದು ಕೂತಳು. ಸೆರಗಿನಿಂದ ಹಣೆ ಒತ್ತಿಕೊಂಡಳು.

“ಅವತ್ತೂ ಇದೇ ಕಣ್ಣು,” ಎಂದಳು.

ಅಷ್ಟೇ. ಎದ್ದು ಹೋದಳು.

ರಂಗಸಾಮಿ ನೆಲಕ್ಕೆ ಕುಸಿದ. ಮೂಗು ಅರಳಿಸಿ ಗಾಳಿ ಎಳೆದುಕೊಂಡ. ಸುಟ್ಟ ಕೂದಲ ನಾತಕ್ಕಾಗಿ ಹುಡುಕಿದ. ಚೆಲ್ಲಿದ ಮುದ್ದೆಯ ವಾಸನೆ, ಕಬ್ಬಿಣದ ತುಕ್ಕು, ತನ್ನದೇ ಬೆವರು. ಬೇರೆ ಏನೂ ಇರಲಿಲ್ಲ. ಹೆಗಲು ಮುಟ್ಟಿ ನೋಡಿಕೊಂಡ. ಬೆನ್ನನ್ನು ಗೋಡೆಗೆ ಉಜ್ಜಿದ. “ಬಾ,” ಎಂದು ಬೇಡಿಕೊಂಡ, “ನೀನೇ ಅಂತ ಹೇಳು, ಬಾ.” ಯಾರೂ ಬರಲಿಲ್ಲ. ಹೆಗಲು ಹಗುರವಾಗಿಯೇ ಇತ್ತು.

ಮರುದಿನ ಕೋರ್ಟಿನಲ್ಲಿ ಜನ ಕಿಕ್ಕಿರಿದಿದ್ದರು. ಕಮಲಮ್ಮಾಳ್ ಹಣೆಗೆ ಅರಿಸಿನದ ಬಟ್ಟೆ ಕಟ್ಟಿಕೊಂಡು ಕಟಕಟೆಗೆ ಬಂದು ನಿಂತಳು. ಗಂಟಲ ಮೇಲೆ ಐದು ಬೆರಳಿನ ನೀಲಿ ಗುರುತು ಎಲ್ಲರಿಗೂ ಕಾಣುವಂತಿತ್ತು. ಅವಳು ಅದನ್ನು ಮುಚ್ಚಿಕೊಂಡಿರಲಿಲ್ಲ. ಕೋಳಿ, ಕರು, ಒನಕೆ, ಒಂದನೆಯ ಏಟು, ಎರಡನೆಯ ಏಟು, ಮೂರನೆಯ ಏಟು ಎಲ್ಲವನ್ನೂ ತಮಿಳಿನಲ್ಲಿ, ನಡುಗದೆ ಹೇಳಿದಳು.

“ಕಡಿದವನು ಯಾರಮ್ಮ?” ಎಂದ ಮ್ಯಾಜಿಸ್ಟ್ರೇಟ್. “ಗೊತ್ತಿಲ್ಲದ ಆಳೆಂದು ನಿನ್ನ ಗಂಡನ ವಕೀಲರು ಹೇಳುತ್ತಾರೆ.”

ವಕೀಲ ತಲೆಯಾಡಿಸಿ ಹುರಿದುಂಬಿಸಿದ. ರಂಗಸಾಮಿ ಇನ್ನೂ ಕೂಡದ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಅವಳ ತುಟಿಯನ್ನೇ ನೋಡಿದ. ಮದುವೆಯಾಗಿ ಒಂಬತ್ತು ವರ್ಷ. ಅಷ್ಟು ವರ್ಷವೂ ಅವಳಿಗೆ ಅವನು “ಏನಂದ್ರೆ”, “ನೋಡಿ”, “ನಮ್ಮನೆಯೋರು”. ಬೇರೆ ಹೆಂಗಸರು ಒಗಟಿನಲ್ಲಾದರೂ ಗಂಡನ ಹೆಸರು ಹೇಳುತ್ತಾರೆ. ಹೇಳಿದರೆ ಅವನ ಆಯುಸ್ಸು ಕುಗ್ಗುತ್ತದೆಂದು ಹೆದರಿ ಇವಳು ಅದನ್ನೂ ಹೇಳಿದವಳಲ್ಲ.

ಕಮಲಮ್ಮಾಳ್ ಕತ್ತು ತಿರುಗಿಸಿ ಅವನನ್ನು ನೋಡಿದಳು.

“ರಂಗಸಾಮಿ,” ಎಂದಳು.

ಗುಮಾಸ್ತ ಅದನ್ನು ಬರೆದುಕೊಂಡ.